ಅಂಗಾಲಿನ ಮಾತು

ಮನುಷ್ಯನ ಮೈಯಲ್ಲಿ ಹಗಲಿರುಳೂ ಬೆವರುವ ಜಾಗ ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕಂಕುಳು ಎನ್ನುತ್ತಾರೆ. ತಪ್ಪು. ಅಂಗಾಲು. ಚಳಿಗಾಲದ ಬೆಳಗಿನಲ್ಲೂ, ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿದಾಗಲೂ ಅದು ತನ್ನ ಪಾಡಿಗೆ ತಾನು ತುಸುತುಸುವೇ ಒಸರುತ್ತಿರುತ್ತದೆ. ಇಷ್ಟು ಸಣ್ಣ ಸಂಗತಿಯ ಮೇಲೆ ಹುಬ್ಬಳ್ಳಿಯ ಔಷಧಮಾಪನ ಕೇಂದ್ರ ನಿಂತಿತ್ತು. ಆ ಕೇಂದ್ರದ ಮೇಲೆ ಕಸ್ತೂರಿಯ ಜೀವ ನಿಂತಿತ್ತು.

ಕಸ್ತೂರಿ ಸಿಟಿ ಬಸ್ಸಿನ ಕಂಡಕ್ಟರ್. ನಲವತ್ತು ದಾಟಿದ್ದಳು, ಮದುವೆಯ ಗೊಡವೆಗೆ ಹೋದವಳಲ್ಲ, ಬಾಯಿ ಮಾತ್ರ ಬಸ್ಸಿನ ಹಾರ್ನಿಗಿಂತ ಜೋರು. ಅವಳ ದೊಡ್ಡ ಕರುಳಿನಲ್ಲಿ ಸಿಕ್ಕ ಕ್ಯಾನ್ಸರ್ ಗಡ್ಡೆಯನ್ನು ಕೊಯ್ದು ತೆಗೆದಿದ್ದರು. ಅದರ ಪುಡಿಪುಣುಕು ಲಿವರಿನಲ್ಲಿ ಉಳಿದಿತ್ತು. ಅದನ್ನು ಸುಡಲು ಔಷಧ ಶುರುವಾಗಿತ್ತು. ಅವಳ ತಂಗಿ ಅಂಬಿಕಾ ಅದೇ ಮಾಪನ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ‘ನಮ್ಮ ಸಣ್ಣಾಕೀನ ದೊಡ್ಡಾಕೀ ಔಷಧಾ ನೋಡಾಕತ್ತಾಳ’ ಎಂದು ಅವರ ಅವ್ವ ನೀಲವ್ವ ಹಳೇ ಹುಬ್ಬಳ್ಳಿಯ ಓಣಿಯ ತುಂಬ ಸಾರಿಕೊಂಡು ಬಂದಿದ್ದಳು.

ಹಿಂದೆಲ್ಲ ಈ ಔಷಧವನ್ನು ರೋಗಿಯ ಎತ್ತರ, ತೂಕ ನೋಡಿ ಕೊಡುತ್ತಿದ್ದರು. ಸಂತೆಯಲ್ಲಿ ಹೊಲಿದಿಟ್ಟ ಅಂಗಿ ಕೊಂಡ ಹಾಗೆ. ಆದರೆ ಒಂದೇ ತೂಕದ ಇಬ್ಬರ ಲಿವರ್ ಒಂದೇ ಅಲ್ಲ. ಒಬ್ಬರದು ಹೊಟ್ಟೆಬಾಕ, ಔಷಧವನ್ನು ಮುಕ್ಕಿ ಮುಗಿಸಿಬಿಡುತ್ತದೆ. ಇನ್ನೊಬ್ಬರದು ತಟ್ಟೆಯ ಮುಂದೆ ಕೂತು ಹೊತ್ತು ಕಳೆಯುತ್ತದೆ. ಮೊದಲನೆಯವರಿಗೆ ಔಷಧ ಸಾಲದೆ ರೋಗ ಉಳಿಯಿತು. ಎರಡನೆಯವರನ್ನು ಔಷಧವೇ ತಿಂದಿತು. ರಕ್ತ ತೆಗೆದು ಅಳೆಯಬಹುದಿತ್ತು ನಿಜ, ಆದರೆ ಉತ್ತರ ಬರುವಷ್ಟರಲ್ಲಿ ಆ ಸರದಿಯ ಔಷಧ ಮೈಗೆ ಸೇರಿ ಮುಗಿದಿರುತ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈಗ ಹಾಗಿಲ್ಲ. ಅಂಗಾಲಿನ ಕಮಾನಿನಲ್ಲಿ ಹೂವಿನ ಎಸಳಿನಷ್ಟು ತೆಳುವಾದ ಒಂದು ಪಟ್ಟಿ ಅಂಟಿಸುತ್ತಾರೆ. ರಕ್ತದಲ್ಲಿರುವ ಔಷಧದ ಒಂದಂಶ ಬೆವರಿಗೂ ಇಳಿಯುತ್ತದೆ. ಪಟ್ಟಿ ಅದನ್ನು ಕ್ಷಣಕ್ಷಣವೂ ಅಳೆದು ಕೇಂದ್ರಕ್ಕೆ ಕಳಿಸುತ್ತದೆ. ರೋಗಿಯ ಸೊಂಟದಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯಿಂದ ಎದೆಯ ರಕ್ತನಾಳಕ್ಕೆ ಒಂದು ಕೊಳವೆ. ಅಳತೆ ಕಡಿಮೆಯಾದರೆ ಪೆಟ್ಟಿಗೆ ತಾನೇ ಔಷಧವನ್ನು ತುಸು ಏರಿಸುತ್ತದೆ, ಹೆಚ್ಚಾದರೆ ಇಳಿಸುತ್ತದೆ. ಆಸ್ಪತ್ರೆಯ ಮಂಚ ಬೇಡ, ಮನೆಯಲ್ಲೇ ಕೂತು ಪುಟಾಣಿ ತಿನ್ನುತ್ತ ಚಿಕಿತ್ಸೆ ಮುಗಿಸಬಹುದು. ಒಂದು ಮಿತಿ ದಾಟಿ ಏರಿಸಬೇಕಾದಾಗ ಮಾತ್ರ ಪೆಟ್ಟಿಗೆ ಮನುಷ್ಯರನ್ನು ಕೇಳುತ್ತದೆ. ಹಾಗೆ ಕೇಳಿದಾಗ ಲೆಕ್ಕ ನೋಡಿ ಒಪ್ಪಿಗೆಯ ಗುಂಡಿ ಒತ್ತುವುದೇ ಅಂಬಿಕಾಳ ಕೆಲಸ.

ಆ ಸೋಮವಾರ ಅವಳ ಫಲಕದ ಮೇಲೆ ಅಕ್ಕನ ಹೆಸರು ಮಿನುಗಿತು.

ಕಸ್ತೂರಿಯ ಔಷಧದ ಅಳತೆ ತೋರಿಸುವ ಗೆರೆ, ಸರಿಯಾದ ಪ್ರಮಾಣವನ್ನು ಗುರುತಿಸುವ ಹಸಿರು ಪಟ್ಟೆಯ ಕೆಳಗೆ ಜಾರಿತ್ತು. ಪೆಟ್ಟಿಗೆ ಎರಡು ಸಲ ತಾನಾಗಿಯೇ ಏರಿಸಿ ನೋಡಿತ್ತು, ಆದರೂ ಗೆರೆ ಮೇಲೆದ್ದಿರಲಿಲ್ಲ. ಅಂಬಿಕಾ ಹಿಂದಿನ ಸರದಿಯ ಲೆಕ್ಕ ತೆಗೆದಳು. ಆಸ್ಪತ್ರೆಯಲ್ಲೇ ಇದ್ದು ಪಡೆದ ಮೊದಲ ಸರದಿಯಲ್ಲಿ ಗೆರೆ ಪಟ್ಟೆಯ ನಡುವೆ ಮಲಗಿಕೊಂಡಿತ್ತು. ಈಗ ಯಾಕೆ ಹೀಗೆ? ಲಿವರ್ ಈ ಔಷಧಕ್ಕೆ ಪಳಗಿಬಿಡುವುದುಂಟು ಎಂದು ಅವಳು ಓದಿದ್ದಳು. ನಿಯಮದಂತೆ ಮನೆಗೆ ಫೋನ್ ಹಚ್ಚಿದಳು. ಅವ್ವ ಎತ್ತಿದಳು.

“ಅವ್ವಾ, ಅಕ್ಕನ ಕಾಲಿಗೆ ಕ್ರೀಮ್, ಮುಲಾಮು, ಪೌಡರ್ ಏನರ ಹಚ್ಚೀರೇನು?”

“ಏನೂ ಹಚ್ಚಿಲ್ಲವಾ. ನೀವು ಹಚ್ಚಬ್ಯಾಡ ಅಂದಮ್ಯಾಲೆ ಯಾಕ ಹಚ್ಚೂಣು?”

“ನೀರು ತಾಗಿಸೀರೇನು?”

“ಕಾಲಿಗೆ ಪ್ಲಾಸ್ಟಿಕ್ ಕಟ್ಟೇ ಜಳಕಾ ಮಾಡಸ್ತೀನಿ. ಭಾಳ ಚಿಂತೀ ಮಾಡಬ್ಯಾಡ.”

ಪಟ್ಟಿಯಲ್ಲಿ ತೇವವಿದೆ, ವಿದ್ಯುತ್ತು ಸರಿಯಾಗಿ ಹರಿಯುತ್ತಿದೆ, ಎಲ್ಲ ಕ್ರಮದಲ್ಲಿದೆ ಎಂದು ಫಲಕ ಹೇಳಿತು. ಬೆವರಿದೆ, ಔಷಧವಿಲ್ಲ. ಔಷಧ ಸಾಲದೆ ಹೋದರೆ ಆ ಪುಡಿಪುಣುಕು ಮತ್ತೆ ಚಿಗುರುತ್ತದೆ. ಹಳೆಯ ಕಾಲವಾಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದುಕೊಂಡು, ಯಂತ್ರ ಮಾಡಿದವರಿಗೆ ಮನಸ್ಸಿನಲ್ಲೇ ಕೈಮುಗಿದು, ಅಂಬಿಕಾ ಗುಂಡಿ ಒತ್ತಿದಳು.

ಕೇಂದ್ರದ ವಸತಿಯಲ್ಲಿ ಇರುತ್ತಿದ್ದ ಅವಳು ಗುರುವಾರ ಸಂಜೆ ಕೆಲಸ ಮುಗಿಸಿ, ಬಟ್ಟೆಯ ಚೀಲ ಹೊತ್ತು ಮನೆಗೆ ಬಂದಳು. ಅಕ್ಕನಿಗೆ ಸರಿಯಿಲ್ಲವೆಂದು ಅವ್ವ ಕರೆದಿದ್ದಳು.

ಸರಿಯಿರಲಿಲ್ಲ. ಕಸ್ತೂರಿ ನಡುಮನೆಯ ಗೋಡೆಗೆ ಆತು ಕೂತಿದ್ದಳು. ತುಟಿ ಒಡೆದಿತ್ತು, ಬಾಯಿಯ ತುಂಬ ಹುಣ್ಣು. ರೊಟ್ಟಿ ಇರಲಿ, ಅಂಬಲಿಯನ್ನೂ ನುಂಗಲಾರದೆ ಲೋಟವನ್ನು ಬದಿಗಿಟ್ಟಿದ್ದಳು. ಅಂಗೈ ಅಂಗಾಲು ಕೆಂಪಗೆ ಉಬ್ಬಿ, ಅಂಚಿನಲ್ಲಿ ಸಿಪ್ಪೆ ಏಳುತ್ತಿತ್ತು. ನೀಲವ್ವ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಔಡಲೆಣ್ಣೆ ತಿಕ್ಕುತ್ತಿದ್ದಳು. ಪಟ್ಟಿ ಕಿತ್ತು ಬಂದೀತೆಂಬ ಭಯಕ್ಕೆ ಅದರ ಮೇಲೆ ಮಾತ್ರ ಒಂದೇ ಬೆರಳಿನಿಂದ, ಎಳೆಗೂಸಿನ ನೆತ್ತಿ ಮುಟ್ಟಿದ ಹಾಗೆ ಸವರುತ್ತಿದ್ದಳು.

“ಸುಡಾಕತ್ತೇತಿ ಅಂಬೀ,” ಎಂದಳು ಕಸ್ತೂರಿ. ಹಾರ್ನಿನಂಥ ದನಿ ಪಿಸುಮಾತಾಗಿತ್ತು. “ಕೆಂಡದ ಮ್ಯಾಲೆ ನಿಂತಂಗ ಆಗೇತಿ. ಔಷಧಾ ಭಾಳ ಆಗೇತಿ, ಇಳಸ್ರಿ.”

“ಇಲ್ಲಕ್ಕಾ, ಭಾಳ ಆಗಿಲ್ಲ. ಕಡಿಮಿನ ಐತಿ. ನಾನ ನೋಡೀನಿ.”

“ಕಡಿಮಿ ಇದ್ರ ಹಿಂಗ್ಯಾಕ ಸುಡತೈತಿ?”

“ಒಬ್ಬೊಬ್ಬರ ಮೈ ಒಂದೊಂದ್ ನಮೂನಿ. ನಿನ್ನ ಚರ್ಮ ನಾಜೂಕು ಇರಬೇಕು.”

ಕಸ್ತೂರಿ ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. “ನನ್ನ ಚರ್ಮ ನಾಜೂಕು! ಕೇಳಿದೇನ್ ಬೇ ಅವ್ವಾ? ಇಪ್ಪತ್ತು ವರ್ಷ ಬಸ್ಸಿನ್ಯಾಗ ನಿಂತ ಕಾಲಿವು.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಅಂದಳು: “ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇಲ್ಲ. ಟಿಕೀಟಿನ ಮಷೀನು ನೋಡಿದ್ರ ಬಸ್ಸು ಅರ್ಧಾ ಖಾಲಿ ಅಂತೈತಿ. ಆಗ ನಾ ಏನ್ ಮಾಡಲಿ ಹೇಳು? ಮಷೀನಿನ ಮಾತು ಕೇಳಿ ಇನ್ನಷ್ಟು ಮಂದೀನ ಹತ್ತಿಸಿಗೊಳ್ಳಲಿ? ತೆಲಿ ಎಣಿಸಬೇಕವಾ, ತೆಲಿ.”

“ಅದು ಟಿಕೀಟಿನ ಮಷೀನಲ್ಲಕ್ಕಾ. ಅದು ಸುಳ್ಳ ಹೇಳಂಗಿಲ್ಲ.”

“ಹಂಗಾರ ನಾ ಹೇಳತೀನಿ ಸುಳ್ಳು.” ಕಸ್ತೂರಿ ಮುಖ ಆಚೆ ತಿರುಗಿಸಿದಳು.

ಅಂಬಿಕಾಳಿಗೆ ಅಳು ಬಂತು, ಸಿಟ್ಟೂ ಬಂತು. ಈ ಔಷಧವನ್ನು ಅರ್ಧಕ್ಕೆ ಬಿಟ್ಟವರು ಏನಾದರೆಂದು ಅವಳಿಗೆ ಗೊತ್ತಿತ್ತು. ಅಕ್ಕನ ನೋವಿಗೆ ಕರಗಿ ಕೈ ಸಡಿಲ ಬಿಟ್ಟರೆ ಅಕ್ಕನೇ ಕೈಬಿಟ್ಟು ಹೋಗುತ್ತಾಳೆ. ಆದ್ದರಿಂದ ಅವಳು ಗಟ್ಟಿಯಾಗಿ ಕೂತಳು. ಗಟ್ಟಿಯಾಗಿ ಕೂತವಳ ಕಾಲನ್ನೂ ನೀಲವ್ವ ಎಳೆದುಕೊಂಡಳು.

“ನಿನ್ನ ಕಾಲು ನೋಡು, ಬಿರತ ಹೊಲದಂಗ ಆಗ್ಯಾವ. ಉಷ್ಣ ಏರೇತಿ. ಕುಂಡ್ರು.”

ಸಣ್ಣವಳಿದ್ದಾಗಿನಿಂದ ಎಷ್ಟೋ ಸಂಜೆ ಹೀಗೆಯೇ ಆಗಿತ್ತು. ಜ್ವರ ಬಂದರೆ, ಪರೀಕ್ಷೆ ಹತ್ತಿರ ಬಂದರೆ, ಕಣ್ಣು ಕೆಂಪಾದರೆ, ಬರಿದೇ ಬೇಜಾರಾದರೆ ಅವ್ವನ ತೊಡೆ, ಅಂಗಾಲಿಗೆ ಎಣ್ಣೆ. ಅಂಬಿಕಾ ಕಣ್ಣು ಮುಚ್ಚಿದಳು. ಅವ್ವನ ಹೆಬ್ಬೆರಳು ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಹೋಗಿ ಬಂದು, ಹೋಗಿ ಬಂದು, ಅವಳಿಗೆ ಕೂತಲ್ಲೇ ತೂಕಡಿಕೆ ಬಂತು.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಬಂದಾಗ ಕಸ್ತೂರಿಯ ಹೆಸರು ಮತ್ತೆ ಮಿನುಗುತ್ತಿತ್ತು. ಗೆರೆ ಇನ್ನಷ್ಟು ಕೆಳಗೆ. ಪೆಟ್ಟಿಗೆ ಈ ಸಲ ದೊಡ್ಡ ಏರಿಕೆ ಕೇಳುತ್ತಿತ್ತು. ಕುರ್ಚಿಯಲ್ಲಿ ಕೂರುತ್ತಲೇ ಅಂಬಿಕಾಳ ಕೈ ಗುಂಡಿಯ ಕಡೆ ಹೋಯಿತು. ಆದರೆ ಗುಂಡಿಗೆ ಬೀಗ ಬಿದ್ದಿತ್ತು. ಅವಳ ಅಂದಿನ ಚಹಾ ಪರೀಕ್ಷೆ ಆಗಿರಲಿಲ್ಲ.

ಚಹಾ ಪರೀಕ್ಷೆ ಆ ಕೇಂದ್ರದ ಒಂದು ಪದ್ಧತಿ. ದಿನವೂ ಬರುವ ಪಟ್ಟಿಗಳ ಹೊಸ ಕಟ್ಟು ಸರಿಯಿದೆಯೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಕ್ಯಾನ್ಸರಿನ ವಿಷವನ್ನು ಯಾರು ಕುಡಿಯುತ್ತಾರೆ? ಚಹಾದಲ್ಲಿರುವ ಕೆಫೀನ್ ಕೂಡ ಬೆವರಿಗೆ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಎಲ್ಲರೂ ಕ್ಯಾಂಟೀನಿನಲ್ಲಿ ಚಹಾ ಕುಡಿದು, ಅದನ್ನು ಗುರುತಿಸುವ ಒಂದೊಂದು ಪಟ್ಟಿಯನ್ನು ತಮ್ಮ ಅಂಗಾಲಿಗೆ ಅಂಟಿಸಿಕೊಂಡು ಕೂರುತ್ತಿದ್ದರು. ಪಟ್ಟಿ ಚಹಾವನ್ನು ಹಿಡಿದರೆ ಕಟ್ಟು ಪಾಸಾಯಿತು, ಗುಂಡಿಯ ಬೀಗ ತೆರೆಯಿತು. ಯಾರು ಎರಡನೆಯ ಕಪ್ಪಿಗೆ ಕೈಹಾಕಿದರೆಂಬ ಗುಟ್ಟೂ ರಟ್ಟಾಗುತ್ತಿತ್ತು.

ಅಂಬಿಕಾ ಅಂದು ಎರಡು ಕಪ್ಪು ಕುಡಿದಿದ್ದಳು. ಪಟ್ಟಿ ಅಂಟಿಸಿಕೊಂಡಳು. ಫಲಕ ಹೇಳಿತು: ಬೆವರಿದೆ, ಚಹಾ ಇಲ್ಲ.

“ಏನವಾ, ನಿಮ್ಮವ್ವ ಚಹಾ ಕೊಡಲಿಲ್ಲೇನು?” ಹಿಂದಿನಿಂದ ಡಾ. ಫರ್ಹಾನಾ ಮುಲ್ಲಾ ನಕ್ಕರು. ಅವರು ಕೇಂದ್ರದ ಮುಖ್ಯಸ್ಥೆ. ಪಟ್ಟಿಯನ್ನು ರೂಪಿಸಿದ ತಂಡದಲ್ಲೂ ಇದ್ದವರು.

“ಎರಡು ಕಪ್ಪು ಕುಡದೀನ್ರಿ ಮೇಡಂ.”

“ಪಟ್ಟಿ ಕೆಟ್ಟಿರಬೇಕು. ಬ್ಯಾರೇದು ಹಚ್ಚು.”

ಬೇರೆಯದು ಅಂಟಿಸಿದಳು. ಅದೂ ಅದನ್ನೇ ಹೇಳಿತು. ಇನ್ನೊಂದು ಕಾಲಿಗೆ ಅಂಟಿಸಿದಳು. ಬೆವರಿದೆ, ಚಹಾ ಇಲ್ಲ. ಪಕ್ಕದ ಕುರ್ಚಿಯವರಿಗೆ ಅದೇ ಕಟ್ಟಿನ ಪಟ್ಟಿ ಸರಿಯಾಗಿ ಓದಿತ್ತು. ಅಂಬಿಕಾ ಬೇಸರದಿಂದ ಅಂಗಾಲನ್ನು ಕೈಯಿಂದ ತಿಕ್ಕಿಕೊಂಡಳು. ಬೆರಳು ಜಾರಿತು.

ಅವಳು ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಅವ್ವನ ತೊಡೆಯ ವಾಸನೆ.

ಎಲ್ಲ ಒಟ್ಟಿಗೇ ತಲೆಗೆ ನುಗ್ಗಿತು. ಔಡಲೆಣ್ಣೆ ಮಂದ, ಜಿಗುಟು. ಅಂಚಿನಿಂದ ಒಳಗಿಳಿದು, ಪಟ್ಟಿಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಮೇಲೆ ಪದರ ಕಟ್ಟಿ ಕೂರುತ್ತದೆ. ತೇವ ಹೇಗೋ ನುಸುಳುತ್ತದೆ, ಔಷಧದ ಕಣ ಹೊರಗೇ ಉಳಿಯುತ್ತದೆ. ಪಟ್ಟಿ ಔಷಧ ಇಲ್ಲವೆನ್ನುತ್ತದೆ. ಪೆಟ್ಟಿಗೆ ಏರಿಸುತ್ತದೆ. ಏರಿದ ಔಷಧ ಅಂಗಾಲನ್ನು ಸುಡುತ್ತದೆ. ಮಗಳ ಕಾಲು ಸುಡುತ್ತದೆಂದು ಅವ್ವ ಇನ್ನಷ್ಟು ಎಣ್ಣೆ ತಿಕ್ಕುತ್ತಾಳೆ. ಪಟ್ಟಿ ಇನ್ನಷ್ಟು ಕುರುಡಾಗುತ್ತದೆ.

“ಮೇಡಂ, ನಿಲ್ಲಸ್ರಿ! ಅಕ್ಕನ ಪೆಟಗೀ ನಿಲ್ಲಸ್ರಿ!” ಅವಳು ಕಿರುಚಿದ್ದು ಹೊರಗಿನ ಕ್ಯಾಂಟೀನಿಗೂ ಕೇಳಿಸಿತು. ಏರಿಸುವ ಗುಂಡಿಗಷ್ಟೇ ಬೀಗ, ನಿಲ್ಲಿಸುವುದಕ್ಕೆ ಬೀಗವಿಲ್ಲ. ಡಾ. ಮುಲ್ಲಾ ಕಾರಣ ಕೇಳದೆ ಕೈ ಚಾಚಿ ನಿಲ್ಲಿಸಿದರು. ಕಾರಣ ಆಮೇಲೆ ಕೇಳಿದರು. ಕೇಳಿ, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಆಂಬುಲೆನ್ಸ್ ಓಣಿಗೆ ಹೋಗಿ ಕಸ್ತೂರಿಯನ್ನು ಆಸ್ಪತ್ರೆಗೆ ತಂದಿತು. ರಕ್ತ ತೆಗೆದು ಹಳೆಯ ಯಂತ್ರಕ್ಕೆ ಹಾಕಿದರು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಅದನ್ನು ಎಬ್ಬಿಸುವುದಕ್ಕೇ ಒಂದು ಹೊತ್ತು ಹಿಡಿಯಿತು. ಉತ್ತರ ಬಂತು. ಇರಬೇಕಾದ್ದಕ್ಕಿಂತ ಮೂರು ಪಟ್ಟು ಔಷಧ ಅವಳ ರಕ್ತದಲ್ಲಿತ್ತು. ಆ ದೊಡ್ಡ ಏರಿಕೆಗೂ ಒಪ್ಪಿಗೆ ಸಿಕ್ಕಿದ್ದರೆ ವಿಷ ಇಳಿಸುವ ಮಾರುಮದ್ದು ಕೊಟ್ಟೂ ಉಪಯೋಗವಿರಲಿಲ್ಲ. ಈಗಲೂ ಉಳಿಯುತ್ತಾಳೆಂದು ಹೇಳಲಾರೆವು ಎಂದರು ವಾರ್ಡಿನ ಡಾಕ್ಟರು.

ಇತ್ತ ನಿಯಂತ್ರಣ ಕೊಠಡಿಯಲ್ಲಿ ಡಾ. ಮುಲ್ಲಾ ಕಡಿಮೆ ಅಳತೆ ತೋರಿಸುತ್ತಿದ್ದ ಎಲ್ಲ ರೋಗಿಗಳ ಪೆಟ್ಟಿಗೆ ನಿಲ್ಲಿಸಿ, ಮನೆಮನೆಗೆ ಫೋನ್ ಮಾಡಿಸಿದರು.

“ಕಾಲಿಗೆ ಎಣ್ಣಿ ಹಚ್ಚೀರೇನ್ರಿ?”

“ಹಚ್ಚದ ಇರ್ತೀವೇನ್ರಿ? ಉರಿ ಉರಿ ಅಂತ ಒದ್ದಾಡತಾರ.”

“ಮತ್ತ ಕಾಲಿಗೆ ಏನರ ಹಚ್ಚೀರೇನು ಅಂತ ಕೇಳಿದಾಗ ಏನೂ ಇಲ್ಲ ಅಂದಿದ್ರಿ?”

“ಅಯ್ಯ, ಎಣ್ಣೀ ಹಚ್ಚೂದು ಒಂದು ಹಚ್ಚೂದೇನ್ರಿ ಯವ್ವಾ!”

ಯಾರೂ ಸುಳ್ಳು ಹೇಳಿರಲಿಲ್ಲ. ಕ್ರೀಮ್ ಎಂದರೆ ಅಂಗಡಿಯ ಟ್ಯೂಬು, ಮುಲಾಮು ಎಂದರೆ ಡಾಕ್ಟರು ಬರೆದುಕೊಟ್ಟದ್ದು. ಎಣ್ಣೆ ಹಾಗಲ್ಲ, ಅದು ಊಟದ ಮೊದಲು ಕೈ ತೊಳೆದ ಹಾಗೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರು, ಕೇಂದ್ರದವರೂ ಸೇರಿ. ಅಂಬಿಕಾ ಫೋನ್ ಇಟ್ಟಾಗಲೆಲ್ಲ ಎದುರಿನ ಗೆರೆಯೊಂದರ ಪಕ್ಕದಲ್ಲಿ ಎಣ್ಣೆ ಎಂದು ಬರೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಫಲಕದ ತುಂಬ ಅದೇ ಶಬ್ದವಿತ್ತು.

“ಪಟ್ಟೀನ ಮೊದಲು ಯಾರ ಮ್ಯಾಲೆ ನೋಡಿದ್ವಿ ಗೊತ್ತೇನು?” ಎಂದರು ಡಾ. ಮುಲ್ಲಾ, ಯಾರಿಗೆಂದಲ್ಲದೆ. “ಹಾಸ್ಟೆಲ್ ಹುಡುಗೂರ ಮ್ಯಾಲೆ. ತಿಂಗಳಾನುಗಟ್ಟಲೆ. ಎಲ್ಲಾ ಬರೋಬ್ಬರಿ ಬಂತು. ಹಾಸ್ಟೆಲ್‌ನ್ಯಾಗ ಅವ್ವಂದಿರು ಎಲ್ಲಿರ್ತಾರ? ಕಾಲಿಗೆ ಎಣ್ಣಿ ಯಾರು ಹಚ್ತಾರ?” ಮತ್ತೆ ಅಂದರು: “ನಮ್ಮ ಅಮ್ಮೀನೂ ಹಚ್ತಿದ್ಲು. ನನಗರ ಹೊಳೀಬೇಕಿತ್ತು.”

ಸಂಜೆ ಅಂಬಿಕಾ ಆಸ್ಪತ್ರೆಗೆ ಹೋದಾಗ ನೀಲವ್ವ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಕಾಲಿಗೆ ಏನು ಹಚ್ಚಿದ್ದಿರಿ, ಎಷ್ಟು ದಿನದಿಂದ ಎಂದು ನರ್ಸು ಕೇಳಿ ಹೋಗಿದ್ದಳಂತೆ.

“ನನ್ನ ಕೈಲೇ ಆತೇನವಾ?” ಎಂದು ಕೇಳಿದಳು.

ಇಲ್ಲ ಎನ್ನಬಹುದಿತ್ತು. ಅಂಬಿಕಾ ದಾರಿಯುದ್ದಕ್ಕೂ ಅದನ್ನೇ ಹೇಳಬೇಕೆಂದು ಅಂದುಕೊಂಡು ಬಂದಿದ್ದಳು. ಆದರೆ ಅವ್ವನ ಮುಖ ನೋಡಿದಾಗ ಸುಳ್ಳು ಬಾಯಿಗೆ ಬರಲಿಲ್ಲ.

“ನೀ ಎಣ್ಣೀ ಹಚ್ಚಿದಿ, ಪಟ್ಟಿ ಕುರುಡಾತು. ಪಟ್ಟಿ ಕುರುಡಾಗೇತಿ ಅಂತ ನಿನಗ ಗೊತ್ತಾಗೂದು ಹ್ಯಾಂಗ? ಅದು ನನಗ ಗೊತ್ತಾಗಬೇಕಿತ್ತು. ಸುಡತೈತಿ ಅಂತ ಅಕ್ಕ ಬಾಯಿ ಬಿಟ್ಟು ಹೇಳಿದ್ಲು, ನಾ ಕೇಳಲಿಲ್ಲ. ಗುಂಡೀ ಒತ್ತಿದಾಕಿ ನಾನು, ಅವ್ವಾ.”

ನೀಲವ್ವ ಅಳಲಿಲ್ಲ, ಬಯ್ಯಲೂ ಇಲ್ಲ. ಮಗಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಳ್ಳಲು ಸೆರಗಿನಿಂದ ಒಂದು ಕೈ ಹೊರತೆಗೆದಳು. ಆ ಕೈಯನ್ನೇ ಒಮ್ಮೆ ನೋಡಿ ಮತ್ತೆ ಒಳಗೆ ಎಳೆದುಕೊಂಡಳು. ಅಂಬಿಕಾಳಿಗೆ ಜೀವನದಲ್ಲಿ ಅಷ್ಟು ನೋವು ಇನ್ನಾವುದರಿಂದಲೂ ಆಗಿರಲಿಲ್ಲ.

ಕಸ್ತೂರಿ ಉಳಿದಳು. ಮಾರುಮದ್ದು ಹಿಡಿಯಿತು, ಅವಳ ಹಟವೂ ಜೊತೆಗಿತ್ತೆಂದು ಇಟ್ಟುಕೊಳ್ಳಿ. ಕೂದಲು ಹೋಯಿತು, ಉಗುರು ಕಪ್ಪಾದವು, ಅಂಗಾಲಿನ ಹಳೆಯ ಚರ್ಮವೆಲ್ಲ ಹಾಳೆಹಾಳೆಯಾಗಿ ಎದ್ದು ಹೊಸದು ಬಂತು. ಬಾಯಿಯ ಹುಣ್ಣು ಮಾಯುತ್ತಿದ್ದ ಹಾಗೆ ವಾರ್ಡಿನ ಆಯಾಗಳಿಗೆಲ್ಲ ಹೆಸರಿಟ್ಟು ಕರೆಯತೊಡಗಿದಳು. ತಂಗಿಯೊಡನೆ ಮಾತ್ರ ಬೇಕಾದಷ್ಟೇ ಮಾತು. ಬೈದಿದ್ದರೆ ಅಂಬಿಕಾ ತಡೆದುಕೊಳ್ಳುತ್ತಿದ್ದಳು. ಕಸ್ತೂರಿ ಬೈಯಲಿಲ್ಲ.

ನೀಲವ್ವ ಮಗಳಿಗೆ ಉಣಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಆದರೆ ಅವಳ ಮೈ ಮುಟ್ಟುತ್ತಿರಲಿಲ್ಲ.

ಇದನ್ನು ಬಿಡಿಸಿದವರು ಡಾ. ಮುಲ್ಲಾ. ಅವರು ಪಟ್ಟಿಯನ್ನು ತಿದ್ದುತ್ತಿದ್ದರು. ಬೆವರಿನಲ್ಲಿ ಯೂರಿಯಾ ಎಂಬುದು ಸದಾ ಇದ್ದೇ ಇರುತ್ತದೆ. ಔಷಧದ ಜೊತೆಗೆ ಅದನ್ನೂ ಪಟ್ಟಿ ಹುಡುಕಲಿ, ಅದೂ ಕಾಣದಿದ್ದರೆ ‘ಔಷಧವಿಲ್ಲ’ ಎನ್ನುವ ಬದಲು ‘ನನಗೆ ಕಣ್ಣು ಕಾಣುತ್ತಿಲ್ಲ’ ಎಂದು ಒಪ್ಪಿಕೊಂಡು ಪೆಟ್ಟಿಗೆಯನ್ನು ನಿಲ್ಲಿಸಲಿ ಎಂಬುದು ಉಪಾಯ. ಅದನ್ನು ಪರೀಕ್ಷಿಸಲು ಯಾವ ಎಣ್ಣೆ, ಎಷ್ಟು, ಹೇಗೆ ತಿಕ್ಕಿದರೆ ಪಟ್ಟಿ ಕುರುಡಾಗುತ್ತದೆಂದು ತಿಳಿಯಬೇಕಿತ್ತು. ಇದಕ್ಕೆ ಹಾಸ್ಟೆಲ್ ಹುಡುಗರು ನಡೆಯುವುದಿಲ್ಲ. ಡಾ. ಮುಲ್ಲಾ ರೋಗಿಗಳ ಮನೆಯ ಹೆಂಗಸರನ್ನೆಲ್ಲ ಕೇಂದ್ರಕ್ಕೆ ಕರೆಸಿದರು. ನೀಲವ್ವ ಬರುವುದಿಲ್ಲವೆಂದಳು. ಡಾಕ್ಟರೇ ಓಣಿಗೆ ಹೋಗಿ ಕರೆತಂದರು.

ಆ ದಿನ ನಿಯಂತ್ರಣ ಕೊಠಡಿಯಲ್ಲಿ ಚಾಪೆ ಹಾಸಿದ್ದರು. ಔಡಲ, ಕೊಬ್ಬರಿ, ಕುಸುಬಿ, ಶೇಂಗಾ ಎಣ್ಣೆಗಳ ಬಟ್ಟಲುಗಳು ಸಾಲಾಗಿದ್ದವು. ಎಂಜಿನಿಯರುಗಳು ಪ್ಯಾಂಟು ಮಡಚಿ, ಅಂಗಾಲು ಚಾಚಿ, ನಾಚಿಕೊಂಡು ಕೂತಿದ್ದರು. ಓಣಿಯ ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ನೀಲವ್ವ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಡಾ. ಮುಲ್ಲಾ ಹೋಗಿ ಅವಳ ಎದುರಿಗೇ ಚಾಪೆಯ ಮೇಲೆ ಕೂತು ಕಾಲು ಚಾಚಿದರು.

“ನನಗ ನೀವ ಹಚ್ಚಬೇಕ್ರಿ.”

“ನನ್ನ ಕೈ ಸುದ್ದೀ ಗೊತ್ತಿದ್ದೂ ಕೇಳ್ತೀರೇನ್ರಿ?”

“ಗೊತ್ತಿರೂದಕ್ಕ ಕೇಳಾಕತ್ತೀನಿ. ನೀವು ಹಚ್ಚಿದಂಗ ಯಾರೂ ಹಚ್ಚಿಲ್ಲ. ನಿಮ್ಮ ಎಣ್ಣೀ ಗುರತು ಹಿಡದ್ರ ಈ ಪಟ್ಟಿ ಎಲ್ಲಾರದನ್ನೂ ಹಿಡೀತೈತಿ.”

ನೀಲವ್ವ ಕಟ್ಟಿದ ಕೈ ಬಿಚ್ಚಿದಳು. ಆಮೇಲೆ ಕೂತಳು. ಡಾಕ್ಟರ ಹಿಮ್ಮಡಿಯನ್ನು ತೊಡೆಯ ಮೇಲೆ ತೆಗೆದುಕೊಂಡು, “ಅಯ್ಯ, ಏನಿದು, ಇಷ್ಟು ಒಡದಾವ! ಮನ್ಯಾಗ ಯಾರೂ ಹೇಳವರಿಲ್ಲೇನು?” ಎಂದು ಬೈಯುತ್ತ ತಿಕ್ಕತೊಡಗಿದಳು. ಫಲಕದ ಮೇಲೆ ಪಟ್ಟಿ ತನಗೆ ಕಾಣುತ್ತಿಲ್ಲವೆಂದು ಒಪ್ಪಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಬಿಕಾ ಹೊರಗೆ ಹೋಗಿ ಕ್ಯಾಂಟೀನಿನ ಹಿಂದೆ ನಿಂತು ಮನಸಾರೆ ಅತ್ತಳು.

ಆದರೆ ಕಸ್ತೂರಿಯ ಲಿವರಿನಲ್ಲಿ ರೋಗ ಇನ್ನೂ ಇತ್ತು. ಔಷಧ ನಿಂತಷ್ಟು ದಿನವೂ ಅದು ಸುಮ್ಮನಿರುವುದಿಲ್ಲ. ಮೈ ತುಸು ಚೇತರಿಸಿಕೊಂಡ ಮೇಲೆ ಮತ್ತೆ ಶುರುಮಾಡಬೇಕೆಂದರು ಡಾಕ್ಟರು. ಒಲ್ಲೆನೆಂದರೆ ಒತ್ತಾಯವಿಲ್ಲ ಎಂದೂ ಹೇಳಿದರು. ಕಸ್ತೂರಿ ಎರಡು ದಿನ ಗೋಡೆ ನೋಡಿದಳು. ಮೂರನೆಯ ದಿನ, “ಅಂಟಸ್ರಿ” ಎಂದು ಕಾಲು ಚಾಚಿದಳು. ಎಣ್ಣೆಯಿಲ್ಲದ, ಹೊಸ ಚರ್ಮದ ಎಳೆಯ ಅಂಗಾಲಿಗೆ ಹೊಸ ಪಟ್ಟಿ ಅಂಟಿತು. ಅವಳನ್ನು ಬೇರೆಯವರ ಫಲಕಕ್ಕೆ ಹಾಕಿರೆಂದು ಅಂಬಿಕಾ ಕೇಳಿಕೊಂಡಳು. ಡಾ. ಮುಲ್ಲಾ ಒಪ್ಪಿದರು. ಕಸ್ತೂರಿ ಒಪ್ಪಲಿಲ್ಲ. ಯಾಕೆಂದು ಹೇಳಲೂ ಇಲ್ಲ.

ಕಸ್ತೂರಿ ಮನೆಗೆ ಮರಳಿದ ಮೊದಲ ಕೆಲವು ದಿನ ಗೆರೆ ಪಟ್ಟೆಯೊಳಗೇ ಇತ್ತು. ಆಮೇಲೊಂದು ಬೆಳಿಗ್ಗೆ ಕೆಳಗೆ ಜಾರಿತು. ಪೆಟ್ಟಿಗೆ ತನ್ನ ಮಿತಿಯವರೆಗೆ ಏರಿಸಿ, ಒಪ್ಪಿಗೆ ಕೇಳಿತು.

ಅಂಬಿಕಾ ಮೊದಲು ಪಟ್ಟಿಯನ್ನು ನೋಡಿದಳು. ಪಟ್ಟಿಗೆ ಕಣ್ಣು ಕಾಣುತ್ತಿತ್ತು, ಯೂರಿಯಾ ಸರಿಯಾಗಿತ್ತು. ಆದರೂ ಪರೀಕ್ಷೆಗೆ ಅಕ್ಕನ ರಕ್ತ ತರಿಸಿದಳು. ರಕ್ತವೂ ಅದನ್ನೇ ಹೇಳಿತು: ಔಷಧ ಕಡಿಮೆ. ಇನ್ನೊಮ್ಮೆ ತರಿಸಿದಳು. ಅದೇ. ಡಾ. ಮುಲ್ಲಾ ನೋಡಿ, ಏರಿಸಬೇಕು, ತಡಮಾಡಿದಷ್ಟೂ ರೋಗಕ್ಕೆ ಲಾಭ ಎಂದು ಹೇಳಿ ಅವಳ ಬೆನ್ನು ತಟ್ಟಿ ಹೋದರು. ಲೆಕ್ಕವೆಲ್ಲ ಸರಿಯಿತ್ತು. ಬೆರಳು ಮಾತ್ರ ಮುಂದೆ ಹೋಗಲಿಲ್ಲ. ಹಿಂದೆಯೂ ಲೆಕ್ಕವೆಲ್ಲ ಸರಿಯೇ ಇತ್ತಲ್ಲ.

ಅವಳು ಫೋನ್ ಎತ್ತಿದಳು.

“ಅಕ್ಕಾ, ಔಷಧಾ ಕಡಿಮಿ ತೋರಸಾಕತ್ತೇತಿ. ಏರಸು ಅಂತೈತಿ.”

“ಹಂ.”

“ರಕ್ತದಾಗೂ ಕಡಿಮಿನ ಐತಿ. ಎರಡು ಸಲ ನೋಡೀನಿ.”

“ಹಂ.”

“ಕಾಲು ಹ್ಯಾಂಗದಾವು? ಉರೀತಾವೇನು? ಬಾಯಿ?”

“ಬಾಯಿ ಛಲೋ ಐತಿ. ಇಲ್ಲೇ ಬಾಜೂ ಮನಿಯಾಕಿ ಕೂಡ ಜಗಳಾ ಮಾಡಿ ಬಂದೆ ಈಗ. ಕಾಲು ಬೆಚ್ಚಗ ಅದಾವು, ಉರಿ ಇಲ್ಲ.”

ಅಂಬಿಕಾಳ ಮಾತು ಒಡೆದು ಬಂತು. “ನನಗ ಅಂಜಿಕಿ ಆಗಾಕತ್ತೇತಿ ಅಕ್ಕಾ. ನನ್ನ ಕೈಲೇ ಆಗವಲ್ದು. ಬ್ಯಾರೆಯವರಿಗೆ ಕೊಡತೀನಿ.”

ಓಣಿಯಲ್ಲಿ ತರಕಾರಿಯವನೊಬ್ಬ ಕೂಗುತ್ತ ಹೋದದ್ದು ಫೋನಿನಲ್ಲಿ ಕೇಳಿಸಿತು.

“ಬ್ಯಾರೆಯವರು ನನಗ ಫೋನ್ ಮಾಡಿ ಕೇಳ್ತಾರೇನು?” ಎಂದಳು ಕಸ್ತೂರಿ. “ಒತ್ತು ಅಂಬೀ. ನನಗಿನ್ನೂ ಬದುಕೂದೈತಿ. ಸುಟ್ಟ್ರ ನಾ ಹೇಳ್ತೀನಿ. ಹೇಳಿದ್ರ ಕೇಳ್ತಿಯಲ್ಲ ಈಗ?”

“ಕೇಳ್ತೀನಕ್ಕಾ,” ಎಂದಳು ಅಂಬಿಕಾ. ಫೋನನ್ನು ಕಿವಿಯಿಂದ ತೆಗೆಯದೆ, ಅಕ್ಕನ ಉಸಿರು ಕೇಳಿಸಿಕೊಳ್ಳುತ್ತ, ಗುಂಡಿ ಒತ್ತಿದಳು.